ಹೊಸ ಲ್ಯಾಪ್‌ಟಾಪ್: ವೇಗ ಇದೆ, ಆದರೆ ರ‍್ಯಾಮ್ ಬದಲಿಸುವ ಹಾಗಿಲ್ಲ

ಹೊಸ ಲ್ಯಾಪ್‌ಟಾಪ್ ಕೊಂಡಿದ್ದೇನೆ ಅಂತ ಗೊತ್ತಾದ ಮೇಲೆ "ಹೇಗಿದೆ, ನಾವೂ ತಗೋಬಹುದಾ?" ಅಂತ ಸುಮಾರು ಜನ ಕೇಳಿದ್ದೀರಿ. ಎಲ್ಲರಿಗೂ ಇಲ್ಲೇ ಹೇಳುತ್ತೇನೆ. ಕಂಪನಿಯ ಹೆಸರು ಬೇಡ. ಐವತ್ತರಿಂದ ಅರವತ್ತು ಸಾವಿರಕ್ಕೆ ಸಿಗುವ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಇಂಥ ಒಳ್ಳೆಯದು ಕೆಟ್ಟದ್ದು ಬಹಳಷ್ಟರಲ್ಲಿ ಇವೆ.

ಹಳೆಯದೇನೂ ಕೆಟ್ಟಿರಲಿಲ್ಲ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಇರಬೇಕು, ಟಿಪಿಎಂ 2.0 ಅನ್ನುವ ಸುರಕ್ಷತಾ ವ್ಯವಸ್ಥೆ ಇರಬೇಕು. ನನ್ನದು ಆರನೇ ತಲೆಮಾರಿನದು. ಚೆನ್ನಾಗಿ ಓಡುತ್ತಿದ್ದ ಯಂತ್ರವನ್ನು ಹೀಗೆ ಹಳತು ಮಾಡುವುದು ಸರಿಯಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆ ಯಂತ್ರಕ್ಕೆ ವಿಂಡೋಸ್ ಬದಲು ಉಬುಂಟು ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ಅಣ್ಣನ ಮಗಳಿಗೆ ಕೊಟ್ಟೆ. ಅದರಲ್ಲಿ ಕೆಜಿಪಿ ವಿನ್ಯಾಸದ ಕನ್ನಡ ಟೈಪಿಂಗ್ ಕೂಡ ಇದೆ. ಕಾಲೇಜಿನ ಕೆಲಸಕ್ಕೆ ಅವಳಿಗೆ ಅಷ್ಟು ಸಾಕು.

ನನ್ನ ಕೆಲಸ ಕರಡು ತಿದ್ದುವುದು, ಪುಸ್ತಕ ಮತ್ತು ಸ್ಮರಣ ಸಂಚಿಕೆಗಳ ಪುಟ ಕಟ್ಟುವುದು. ಆ ಕಣ್ಣಿನಿಂದಲೇ ಇದನ್ನು ನೋಡಿದ್ದೇನೆ.

ಮೊದಲು ಇಷ್ಟವಾದದ್ದು ಪರದೆಯ ಆಕಾರ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ 1920x1080 ಪಿಕ್ಸೆಲ್ (ಅಗಲ x ಎತ್ತರ) ಇರುತ್ತಿತ್ತು. ಇದರಲ್ಲಿ 1920x1200. ಒಂದೇ ನೋಟಕ್ಕೆ ಇನ್ನೂ ಕೆಲವು ಸಾಲು ಕಾಣುತ್ತವೆ. ಒತ್ತಕ್ಷರ ತುಂಬಿದ ಕನ್ನಡಕ್ಕೆ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು ಅಲ್ವಾ? ಹಾಗಾಗಿ ಈ ಎತ್ತರ ನಮಗೆ ನಿಜಕ್ಕೂ ಉಪಯೋಗ. ನಾನೂರು ಪುಟದ ಪುಸ್ತಕ ತೆರೆದು ಕೊನೆಯ ಪುಟಕ್ಕೆ ಹೋದರೂ ತಡವರಿಸುವುದಿಲ್ಲ. ಯುಎಸ್‌ಬಿ-ಸಿಯಲ್ಲೇ ಚಾರ್ಜ್ ಆಗುತ್ತದೆ. 65 ವ್ಯಾಟ್‌ನ ಒಂದೇ ಚಾರ್ಜರ್ ಫೋನಿಗೂ ಆಯಿತು, ಇದಕ್ಕೂ ಆಯಿತು. ಮಳೆಗಾಲದಲ್ಲಿ ನಮ್ಮ ಕಡೆ ಮಧ್ಯಾಹ್ನ ಕರೆಂಟ್ ಹೋದರೆ ಸಂಜೆಯವರೆಗೂ ಭರವಸೆ ಇಲ್ಲ. ಅಷ್ಟು ಹೊತ್ತೂ ಬ್ಯಾಟರಿ ಬರುತ್ತದೆ. ಮನೆಯಲ್ಲಿ ಸದಾ ಚಾರ್ಜರ್ ಹಾಕಿಟ್ಟೇ ಕೆಲಸ ಮಾಡುವವರು 80 ಶೇಕಡಾಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಹಾಕಿಕೊಳ್ಳಿ. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿ ಬಿಸಿಯಲ್ಲಿ ಕೂತರೆ ಬೇಗ ಸವೆಯುತ್ತದೆ.

ಇನ್ನು ದೊಡ್ಡ ತಕರಾರು. ತೆರೆದ ಕೆಲಸಗಳನ್ನು ಆ ಹೊತ್ತಿಗೆ ಹಿಡಿದಿಡುವ ಇದರ 16 ಜಿಬಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದು. ಹಳೆಯದಕ್ಕೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ರ‍್ಯಾಮ್ ಪಟ್ಟಿ ತರಿಸಿ, ಹಿಂದಿನ ಮುಚ್ಚಳ ಬಿಚ್ಚಿ ಕೂರಿಸಿದ್ದೆ. ಆ ಯಂತ್ರ ಇಷ್ಟು ವರ್ಷ ಬಾಳಿದ್ದು ಅದರಿಂದಲೇ. ಇದಕ್ಕೆ ಆ ದಾರಿಯೇ ಇಲ್ಲ. ಎಲ್‌ಪಿಡಿಡಿಆರ್5 ಅನ್ನುವ ಈ ಜಾತಿಯ ರ‍್ಯಾಮ್ ಕಡಿಮೆ ವಿದ್ಯುತ್ ಬಳಸುತ್ತದೆ, ವೇಗವಾಗಿದೆ. ಅದಕ್ಕಾಗಿ ಪ್ರೊಸೆಸರ್‌ನ ಪಕ್ಕದಲ್ಲೇ ಬೆಸುಗೆ ಹಾಕುತ್ತಾರೆ. ಬ್ಯಾಟರಿ ಇಷ್ಟು ಹೊತ್ತು ಬರುವುದಕ್ಕೆ ಅದೂ ಒಂದು ಕಾರಣ, ಒಪ್ಪುತ್ತೇನೆ. ಆದರೆ ಒಂದು ಚಿಪ್ ಕೆಟ್ಟರೆ ಹೆಚ್ಚಿನ ಕಡೆ ಇಡೀ ಮದರ್‌ಬೋರ್ಡನ್ನೇ ಬದಲಿಸಬೇಕು ಅನ್ನುತ್ತಾರೆ. ಇದೇ ಮಾದರಿ 8 ಜಿಬಿಯಲ್ಲೂ ಸಿಗುತ್ತದೆ, ಕೆಲವು ಸಾವಿರ ಕಡಿಮೆಗೆ. ದಯವಿಟ್ಟು ಅದನ್ನು ತಗೋಬೇಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ತೋರಿಸುವ ಕೆಲಸಕ್ಕೂ ಇದೇ ರ‍್ಯಾಮ್‌ನ ಪಾಲು ಹೋಗುತ್ತದೆ. ಉಳಿದದ್ದರಲ್ಲಿ ವಿಂಡೋಸ್ ಓಡಬೇಕು, ಬ್ರೌಸರ್ ಓಡಬೇಕು. ಆಮೇಲೆ ಸೇರಿಸೋಣ ಅಂದರೆ ಆಗದು. ಕಡತಗಳು ಉಳಿಯುವ ಎಸ್‌ಎಸ್‌ಡಿ ಮಾತ್ರ ಬಿಚ್ಚಿ ಬದಲಿಸಬಹುದು, ಅಷ್ಟರ ಮಟ್ಟಿಗೆ ಸಮಾಧಾನ. (512 ಜಿಬಿ ಅಂತ ಬರೆದು ವಿಂಡೋಸ್ 476 ತೋರಿಸಿದರೆ ಗಾಬರಿ ಬೇಡ, ಅದು ಎಣಿಸುವ ರೀತಿಯ ವ್ಯತ್ಯಾಸ.)

ರ‍್ಯಾಮ್ ಬದಲಿಸಲಾಗದು ಅನ್ನುವುದನ್ನು ಅಂಗಡಿಯವರು ಯಾಕೆ ತಾವಾಗಿ ಹೇಳುವುದಿಲ್ಲ? ಅಂಗಡಿಯ ಬೋರ್ಡಿನಲ್ಲಿ ಐ5, ಐ7, ರೈಜೆನ್ 7 ಅಂತ ಪ್ರೊಸೆಸರ್ ಹೆಸರು ದೊಡ್ಡದಾಗಿ ಇರುತ್ತದೆ. ಆ ಸಂಖ್ಯೆಯೂ ಪೂರ್ತಿ ಹೇಳುವುದಿಲ್ಲ. ರೈಜೆನ್ 7 7730ಯು ನೋಡಿ. ಹೆಸರು 7000ದ ಸಾಲಿನದು, ಒಳಗಿರುವುದು ಝೆನ್ 3 ಅನ್ನುವ ಹಳೆಯ ವಿನ್ಯಾಸ. ಆ ಸಾಲಿನಲ್ಲಿ ಮೂರನೇ ಅಂಕಿ ನೋಡಿದರೆ ವಿನ್ಯಾಸ ಯಾವುದೆಂದು ತಿಳಿಯುತ್ತದೆ.

ಪರದೆಯ ಬಣ್ಣವೂ ಹಾಗೆಯೇ. ವಿವರದಲ್ಲಿ '45% ಎನ್‌ಟಿಎಸ್‌ಸಿ' ಅಂತ ಸಣ್ಣಕ್ಷರದಲ್ಲಿ ಇತ್ತು, ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವ ಒಂದು ಅಳತೆ ಅದು. ಕಂಪ್ಯೂಟರ್ ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಅಳತೆಯ ಲೆಕ್ಕದಲ್ಲಿ ಅದು 60 ಶೇಕಡಾದ ಆಸುಪಾಸು. ಕುಂಕುಮದ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಓದುವುದಕ್ಕೆ ಏನೂ ತೊಂದರೆಯಿಲ್ಲ. ಮುಖಪುಟ, ಮದುವೆ ಕರೆಯೋಲೆ ಮಾಡುವವರು ಇದನ್ನು ನಂಬಿ ಪ್ರೆಸ್ಸಿಗೆ ಫೈಲ್ ಕಳಿಸುವ ಹಾಗಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ, ನಿರ್ಮಲಾ ಯುಐ ಫಾಂಟ್ ಮೊದಲೇ ಇದೆ, ಇನ್‌ಸ್ಕ್ರಿಪ್ಟ್ ಮತ್ತು ಫೋನೆಟಿಕ್ ಎರಡೂ ಕೀಲಿಮಣೆ ವಿಂಡೋಸ್‌ನಲ್ಲೇ ಸಿಗುತ್ತವೆ. ತುಂಗಾ ಫಾಂಟ್ ಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಸೇರಿಸಿಕೊಳ್ಳಿ. ನುಡಿ ತಂತ್ರಾಂಶದಲ್ಲಿ ಯೂನಿಕೋಡ್‌ಗೆ ಮುಂಚಿನ ಆಸ್ಕಿ ರೀತಿಯಲ್ಲಿ ಟೈಪ್ ಮಾಡಿದ ಹಳೆಯ ಕಡತಗಳು ಆ ಫಾಂಟ್ ಇಲ್ಲದೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹಳೆಯ ಯಂತ್ರ ಕೊಟ್ಟುಬಿಡುವ ಮುಂಚೆ ಅವನ್ನೆಲ್ಲ ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ. ಬಲಗಡೆಯ ಕಂಟ್ರೋಲ್ ಕೀ ಇದ್ದ ಜಾಗದಲ್ಲಿ ಈಗ ಮೈಕ್ರೋಸಾಫ್ಟ್‌ನ ಎಐ ಸಹಾಯಕವನ್ನು ತೆರೆಯುವ ಕೋಪೈಲಟ್ ಕೀ ಕೂತಿದೆ. ಬೆರಳಿಗೆ ಇನ್ನೂ ಒಗ್ಗಿಲ್ಲ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ವಿಂಡೋಸ್ 11ರ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರಬಹುದು, ಅಂದರೆ ಅದಕ್ಕೆ ಗುಪ್ತಸಂಕೇತದ ಬೀಗ ಬಿದ್ದಿರಬಹುದು. ಅದರ 48 ಅಂಕಿಯ ರಿಕವರಿ ಕೀ ಆ ಖಾತೆಯಲ್ಲಿ ಇರುತ್ತದೆ. ರಿಪೇರಿಯಾದ ಮೇಲೆ ಯಂತ್ರ ಅದನ್ನು ಕೇಳಿದಾಗ ಇಲ್ಲದಿದ್ದರೆ ಕಡತಗಳು ಕೈಗೆ ಸಿಗುವುದಿಲ್ಲ. ಕೊಂಡ ದಿನವೇ ಕಾಗದದಲ್ಲಿ ಬರೆದು ಬಿಲ್ ಜೊತೆ ಇಡಿ.

ನಾನಂತೂ ಇದನ್ನೇ ಇಟ್ಟುಕೊಳ್ಳುತ್ತೇನೆ. ಬಣ್ಣದ ಕೆಲಸಕ್ಕೆ ಹೊರಗಡೆಯಿಂದ 24 ಇಂಚಿನ ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಪರದೆ) ಮಾನಿಟರ್ ಒಂದು ಬೇಕು, ಎಸ್‌ಆರ್‌ಜಿಬಿ ಪೂರ್ತಿ ಬರುವಂಥದ್ದು. ಪುಟವಿನ್ಯಾಸದ ಕೆಲಸದಲ್ಲಿ ಇರುವವರು ಯಾವುದು ಬಳಸುತ್ತಿದ್ದೀರಿ, ಮುದ್ರಣದ ಬಣ್ಣಕ್ಕೆ ಎಷ್ಟು ಹತ್ತಿರ ಬರುತ್ತದೆ ಅಂತ ಕೆಳಗೆ ತಿಳಿಸಿ.