ಒಂಬತ್ತಾಣೆ ಸೆಕೆಂಡು

ರೂಪಾಯಿಗೆ ಹದಿನಾರಾಣೆ ಇದ್ದ ಕಾಲವನ್ನು ಕಂಡವರಿಗೆ ಅಮೆರಿಕದ ಈ ಲೆಕ್ಕ ಬೇಗ ಹತ್ತುತ್ತದೆ. 2004ರ ಫೆಬ್ರವರಿ 1ರಂದು ಹ್ಯೂಸ್ಟನ್ನಿನಲ್ಲಿ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್ಬಾಲಿನ ವರ್ಷದ ಅಂತಿಮ ಪಂದ್ಯ. ವಿರಾಮದ ಕಾರ್ಯಕ್ರಮದಲ್ಲಿ ಗಾಯಕ ಜಸ್ಟಿನ್ ಟಿಂಬರ್‌ಲೇಕ್ ಹಾಡುತ್ತ ಹಾಡುತ್ತ ಗಾಯಕಿ ಜಾನೆಟ್ ಜಾಕ್ಸನ್ ಅವರ ಉಡುಪಿಗೆ ಕೈ ಹಾಕಿದರು. ಟೀವಿಯಲ್ಲಿ ಬಲ ಸ್ತನ ಕಂಡಿತು. ಎಷ್ಟು ಹೊತ್ತು? ಸೆಕೆಂಡಿನ ಹದಿನಾರರಲ್ಲಿ ಒಂಬತ್ತು ಪಾಲು ಎಂದು ನ್ಯಾಯಾಲಯದ ತೀರ್ಪಿನಲ್ಲೇ ಇದೆ. ಅಂದರೆ ಒಂಬತ್ತಾಣೆ. ಸೆಕೆಂಡಿನಲ್ಲಿ ಇನ್ನೂ ಏಳಾಣೆ ಚಿಲ್ಲರೆ ಉಳಿದಿರುವಾಗಲೇ ದೇಶದ ಮಾನ ಹರಾಜಾಗಿತ್ತು.

ಅದೇ ಪ್ರಸಾರದಲ್ಲಿ ನಿಮಿರು ದೌರ್ಬಲ್ಯದ ಮಾತ್ರೆಗಳ ಜಾಹೀರಾತುಗಳೂ ಬಂದಿದ್ದವು. ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ವೈದ್ಯರನ್ನು ಕಾಣಿರಿ ಎಂಬ ಹಿತವಚನವನ್ನು ಅಜ್ಜಿ, ಮೊಮ್ಮಕ್ಕಳು ಒಟ್ಟಿಗೇ ಕುಳಿತು ಚಿಪ್ಸ್ ಮೆಲ್ಲುತ್ತ ಕೇಳಬಹುದಿತ್ತು. ನಾಲ್ಕು ಗಂಟೆಗೆ ಕೆಡದ ಮಡಿ ಒಂಬತ್ತಾಣೆಗೆ ಕೆಟ್ಟಿತು. ಕಾರಣ ಸರಳ: ಮಾತ್ರೆಯವರು ಕಾಸು ತೆತ್ತು ಬಂದಿದ್ದರು, ಎದೆ ಪುಕ್ಕಟೆ ಬಂದಿತ್ತು.

ದೂರುಗಳು ಐದು ಲಕ್ಷ ದಾಟಿದವು. ಅತ್ತ ಮನೆಮನೆಯ ರೆಕಾರ್ಡಿಂಗ್ ಪೆಟ್ಟಿಗೆಗಳಲ್ಲಿ ಜನ ಅದೇ ಕ್ಷಣವನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡಿದರು. ಸರಿಯಾಗಿ ನೋಡದೆ ಅಸಹ್ಯಪಡುವುದಾದರೂ ಹೇಗೆ! ಸರ್ಕಾರದ ಸಂವಹನ ಆಯೋಗ ಪಂದ್ಯ ಬಿತ್ತರಿಸಿದ ಟೀವಿ ಸಂಸ್ಥೆ ಸಿಬಿಎಸ್‌ನ 20 ಕೇಂದ್ರಗಳಿಗೆ ತಲಾ 27,500 ಡಾಲರ್, ಒಟ್ಟು ಐದೂವರೆ ಲಕ್ಷ ಡಾಲರ್ ದಂಡ ಜಡಿಯಿತು. ವಾರ ಕಳೆಯುವಷ್ಟರಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭ. ಎಳೆದ ಕೈ ಅಲ್ಲಿ ಕ್ಷಮೆ ಕೇಳಿ ಎರಡು ಪ್ರಶಸ್ತಿ ಹಿಡಿದುಕೊಂಡು ಹೋಯಿತು. ಜಾನೆಟ್ ಅತ್ತ ಸುಳಿಯಲಿಲ್ಲ. 2018ರಲ್ಲಿ ಅದೇ ಕೈಗೆ ಸೂಪರ್ ಬೌಲ್ ಮತ್ತೆ ಮೈಕು ಕೊಟ್ಟಿತು.

ಮಡಿಯ ಈ ಜ್ವರ ಹೊಸದೇನಲ್ಲ. 2002ರಲ್ಲಿ ವಾಷಿಂಗ್ಟನ್ನಿನ ನ್ಯಾಯ ಇಲಾಖೆಯ ಸಭಾಂಗಣದಲ್ಲಿ 'ನ್ಯಾಯದ ಚೇತನ' ಎಂಬ ಅಲ್ಯೂಮಿನಿಯಂ ಪ್ರತಿಮೆಗೆ 8,000 ಡಾಲರ್ ಖರ್ಚಿನಲ್ಲಿ ನೀಲಿ ಪರದೆ ಇಳಿಬಿಟ್ಟರು. ಆಕೆಯ ಒಂದು ಎದೆ ತೆರೆದಿತ್ತು. ಸಚಿವ ಜಾನ್ ಆಶ್‌ಕ್ರಾಫ್ಟ್ ಪತ್ರಿಕಾಗೋಷ್ಠಿಗೆ ನಿಂತರೆ ಫೋಟೋದಲ್ಲಿ ಅದೂ ಬೀಳುತ್ತಿತ್ತು. ಕೇಳಿದವರಿಗೆ ಇಲಾಖೆ ಕೊಟ್ಟ ಕಾರಣ, ಅಂದಕ್ಕಾಗಿ. ಲೋಹಕ್ಕೂ ಸೆರಗು ಬೇಕಾದ ಊರು ಅದು.

ಹ್ಯೂಸ್ಟನ್ನಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕೆಳಗಿಳಿದು, ಮತ್ತೆ ಮೇಲೇರಿ 2012ರಲ್ಲಿ ಮುಗಿಯಿತು. ದಂಡ ರದ್ದು. ಇಂಥ ಕ್ಷಣಮಾತ್ರದ ದೃಶ್ಯಕ್ಕೆ ಹಿಂದೆ ದಂಡ ಹಾಕದ ಆಯೋಗ, ಮುನ್ಸೂಚನೆ ಕೊಡದೆ ರೀತಿ ಬದಲಿಸಿತ್ತು ಎಂಬುದು ನ್ಯಾಯಾಲಯ ಕೊಟ್ಟ ಕಾರಣ. ಎದೆಯ ಮಾತೇ ಇಲ್ಲ. ಒಂಬತ್ತಾಣೆ ಸೆಕೆಂಡಿಗೆ ಎಂಟು ವರ್ಷ ಹಿಡಿದಿತ್ತು. ಅಷ್ಟು ಹೊತ್ತಿಗೆ ಅಲ್ಯೂಮಿನಿಯಂ ಹೆಂಗಸಿನ ಪರದೆ ಕಳಚಿಯೇ ಏಳು ವರ್ಷವಾಗಿತ್ತು.