ಚಾರ್ಟಿನಲ್ಲಿ ಎಲ್ಲರ ಉಸಿರೂ 20

ಜನರಲ್ ವಾರ್ಡಿನ ಟಿಪಿಆರ್ ಚಾರ್ಟುಗಳನ್ನು, ಅಂದರೆ ಜ್ವರ, ಪಲ್ಸ್, ಉಸಿರು ಬರೆದಿಡುವ ಹಾಳೆಗಳನ್ನು, ಒಂದರ ಪಕ್ಕ ಒಂದು ಇಟ್ಟು ನೋಡಿ. ಜ್ವರ ಒಬ್ಬೊಬ್ಬರದು ಒಂದೊಂದು, ಪಲ್ಸ್ ಒಂದೊಂದು, ಬಿಪಿ ಒಂದೊಂದು. ನಿಮಿಷಕ್ಕೆ ಎಷ್ಟು ಉಸಿರು ಎಂದು ಬರೆಯುವ ಕಾಲಮ್ಮಿನಲ್ಲಿ ಮಾತ್ರ ಎಷ್ಟೋ ಕಡೆ ಮೇಲಿಂದ ಕೆಳಗಿನತನಕ 20, 20, 20. ನಿನ್ನೆ ಹೊಟ್ಟೆ ಆಪರೇಷನ್ ಆದವರಿಗೂ 20, ನಾಳೆ ಡಿಸ್ಚಾರ್ಜ್ ಆಗುವವರಿಗೂ 20. ಎಣಿಸದೆ ಬರೆದ ಅಂಕಿ ಅದು. ನರ್ಸಿಂಗ್ ಸಿದ್ಧಾಂತ, ವೃತ್ತಿ ಗೌರವ, ತರಬೇತಿ ಎಂದು ನಾವು ಏನೇನು ಮಾತಾಡುತ್ತೇವೋ ಅದೆಲ್ಲ ಪರೀಕ್ಷೆಗೆ ನಿಲ್ಲುವುದು ಈ ಒಂದು ಕಾಲಮ್ಮಿನಲ್ಲಿ ಎಂದು ನಾನು ನಂಬುತ್ತೇನೆ.

ಉಸಿರೇ ಯಾಕೆ? ರೋಗಿ ಕುಸಿಯಲು ಶುರುವಾದಾಗ ಬಹಳ ಸಲ ಮೊದಲು ಬದಲಾಗುವುದು ಅದೇ. ಸೋಂಕು ರಕ್ತಕ್ಕೆ ಹರಡಿದಾಗಲೋ ಒಳಗೆ ರಕ್ತ ಸೋರುತ್ತಿರುವಾಗಲೋ ಅಂಗಾಂಗಗಳಿಗೆ ಆಮ್ಲಜನಕ ಸಾಲದೆ ರಕ್ತದಲ್ಲಿ ಆಮ್ಲ ಸೇರಿಕೊಳ್ಳುತ್ತದೆ. ಅದನ್ನು ಸರಿದೂಗಿಸಲು ದೇಹ ಜೋರಾಗಿ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕುತ್ತದೆ. ಹಾಗೆ ಉಸಿರಾಡುವುದರಿಂದಲೇ ಸ್ಯಾಚುರೇಶನ್, ಅಂದರೆ ರಕ್ತದ ಆಮ್ಲಜನಕದ ಶೇಕಡಾ ಮಟ್ಟ, ಸ್ವಲ್ಪ ಹೊತ್ತು 97ರಲ್ಲೇ ನಿಂತಿರುತ್ತದೆ. ವಯಸ್ಸು ಚಿಕ್ಕದಾದರೆ ರಕ್ತನಾಳಗಳು ಬಿಗಿದುಕೊಂಡು ಬಿಪಿಯೂ ಇಳಿಯುವುದಿಲ್ಲ. ಬೆರಳಿಗೆ ಸಿಕ್ಕಿಸಿದ ಮೆಷಿನ್ನು ‘ಎಲ್ಲ ಸರಿಯಿದೆ’ ಎನ್ನುತ್ತಿರುವಾಗ ಎದೆ ಮಾತ್ರ ನಿಮಿಷಕ್ಕೆ 26 ಸಲ ಏರಿಳಿಯುತ್ತಿರುತ್ತದೆ. ಅದನ್ನು ಕಾಣಬೇಕಾದ್ದು ಹಾಸಿಗೆಯ ಪಕ್ಕ ನಿಂತ ಸಿಸ್ಟರ್.

ಎಣಿಸುವ ಕ್ರಮ ಹೀಗೆ. ಪಲ್ಸ್ ನೋಡಿದ ಮೇಲೆ ಕೈ ಬಿಡಬೇಡಿ. ರೋಗಿಯ ಕೈಯನ್ನು ಅವರ ಹೊಟ್ಟೆಯ ಮೇಲೇ ಇಟ್ಟು, ಇನ್ನೂ ಪಲ್ಸ್ ನೋಡುತ್ತಿರುವ ಹಾಗೆಯೇ ಉಸಿರು ಎಣಿಸಿ. ‘ಉಸಿರು ಎಣಿಸ್ತೀನಿ ಅಜ್ಜಿ’ ಎಂದರೆ ಅಜ್ಜಿಯ ಉಸಿರು ಅಲ್ಲೇ ಬದಲಾಗುತ್ತದೆ. ಪೂರ್ತಿ 60 ಸೆಕೆಂಡು ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಬರುವುದು 16, 20, 24, 28 ಮಾತ್ರ. 18, 22 ಎಂಬ ಅಂಕಿಗಳು ಹುಟ್ಟುವುದೇ ಇಲ್ಲ. ಒಂದು ಉಸಿರು ತಪ್ಪಿದರೆ ಲೆಕ್ಕ ನಾಲ್ಕು ತಪ್ಪುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ನ್ಯೂಸ್ ಸ್ಕೋರಿನಲ್ಲಿ (ಉಸಿರು, ಪಲ್ಸ್, ಬಿಪಿ ಮುಂತಾದವಕ್ಕೆ ಅಂಕ ಕೊಟ್ಟು ಕೂಡಿಸಿ ಅಪಾಯ ಅಳೆಯುವ ಲೆಕ್ಕ) ಉಸಿರು 12–20 ಇದ್ದರೆ ಸೊನ್ನೆ, 21–24ಕ್ಕೆ 2, 25 ಅಥವಾ ಹೆಚ್ಚಿದ್ದರೆ 3 ಅಂಕ. ಅಂದರೆ 20 ಎಂದು ಬರೆದ ಕೂಡಲೇ ಎಚ್ಚರಿಕೆಯ ಗಂಟೆ ಕಟ್ಟಿಹಾಕಿದಂತೆ.

ಹೆರಿಗೆ ವಾರ್ಡಿನಲ್ಲಿ ಅಪಾಯ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಬಿಪಿ ಏರಿ ಫಿಟ್ಸ್ ಬಂದ ಬಾಣಂತಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುವ ಪ್ರಿಚರ್ಡ್ ಕ್ರಮದಲ್ಲಿ ಮೊದಲ ಡೋಸಾದ ಮೇಲೆ 4 ಗಂಟೆಗೊಮ್ಮೆ 5 ಗ್ರಾಂ, ಒಂದು ಸಲ ಒಂದು ಪೃಷ್ಠಕ್ಕೆ, ಮುಂದಿನ ಸಲ ಇನ್ನೊಂದಕ್ಕೆ. ಪ್ರತಿ ಡೋಸಿಗೆ ಮುಂಚೆ ಮೂರು ವಿಷಯ ನೋಡಲೇಬೇಕು: ಮಂಡಿಗೆ ಸುತ್ತಿಗೆ ತಟ್ಟಿದಾಗ ಕಾಲು ಜಿಗಿಯುತ್ತದೆಯೇ, ಉಸಿರು ಕನಿಷ್ಠ 16 ಇದೆಯೇ, ಮೂತ್ರ ಗಂಟೆಗೆ 30 ಎಂಎಲ್ ಆದರೂ ಬಂದಿದೆಯೇ. ಮೆಗ್ನೀಸಿಯಂ ಹೊರಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರ ಕಡಿಮೆಯಾದರೆ ಔಷಧ ಒಳಗೇ ಉಳಿದು ಮೊದಲು ಮಂಡಿಯ ಜಿಗಿತ ಹೋಗುತ್ತದೆ, ಆಮೇಲೆ ಉಸಿರೇ ನಿಲ್ಲುತ್ತದೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಡೋಸ್ ತಡೆಹಿಡಿದು ಡಾಕ್ಟರನ್ನು ಕರೆಯಬೇಕು. ಮೆಗ್ನೀಸಿಯಂ ಹೆಚ್ಚಾದರೆ ಕೊಡುವ ಪ್ರತಿಮದ್ದು, 10% ಕ್ಯಾಲ್ಸಿಯಂ ಗ್ಲುಕೊನೇಟ್ 10 ಎಂಎಲ್, ಹಾಸಿಗೆಯ ಪಕ್ಕದಲ್ಲೇ ಸಿದ್ಧವಿರಬೇಕು, ಬೀಗ ಹಾಕಿದ ಕಪಾಟಿನಲ್ಲಿ ಅಲ್ಲ. ಇಲ್ಲಿ ಎಣಿಸದೆ ಬರೆದ ಒಂದು 20 ತಾಯಿಯ ಜೀವ ತೆಗೆಯಬಹುದು. ‘ಡಾಕ್ಟರು ಬರೆದದ್ದನ್ನು ಕೊಡುವುದಷ್ಟೇ ನರ್ಸ್ ಕೆಲಸ’ ಎನ್ನುವವರು ಈ ಒಂದು ಇಂಜೆಕ್ಷನ್ನಿನ ಬಗ್ಗೆ ಯೋಚಿಸಲಿ. ಕೊಡದಿರುವ ತೀರ್ಮಾನವೂ ನರ್ಸಿನದೇ.

ದಾದಿಯರಿಗೆ ಏನನ್ನು ಗಮನಿಸಬೇಕು, ಹೇಗೆ ಗಮನಿಸಬೇಕು ಎಂದು ಕಲಿಸುವುದೇ ಎಲ್ಲಕ್ಕಿಂತ ಮುಖ್ಯ ಪಾಠ ಎಂದು ಫ್ಲಾರೆನ್ಸ್ ನೈಟಿಂಗೇಲ್ ಹೇಳಿದ್ದರು. ಲಂಡನ್ನಿನಲ್ಲಿ ಅವರ ಶಾಲೆ ಶುರುವಾದದ್ದು 1860ರಲ್ಲಿ. ನಮ್ಮ ಕಾಲೇಜುಗಳಲ್ಲಿ ಅಸೆಸ್‌ಮೆಂಟಿನಿಂದ (ರೋಗಿಯನ್ನು ನೋಡಿ ತಿಳಿಯುವುದು) ಇವ್ಯಾಲ್ಯುಯೇಶನ್ನಿನವರೆಗೆ (ಆರೈಕೆ ಫಲಿಸಿತೇ ಎಂದು ನೋಡುವುದು) ಐದು ಹಂತದ ನರ್ಸಿಂಗ್ ಪ್ರೊಸೆಸ್ ಬಾಯಿಪಾಠವಾಗುತ್ತದೆ. ಕೇರ್ ಪ್ಲಾನ್ ಮಾತ್ರ ಸೀನಿಯರ್‌ಗಳ ರೆಕಾರ್ಡ್ ಪುಸ್ತಕದಿಂದ ಇಳಿದುಬರುತ್ತದೆ. ಮೊದಲ ಹಂತವೇ ನಕಲಾದರೆ ಉಳಿದ ನಾಲ್ಕು ಯಾರ ಬಗ್ಗೆ?

ಹಾಗಂತ ದೂರನ್ನೆಲ್ಲ ಸಿಸ್ಟರ್‌ಗಳ ತಲೆಗೆ ಕಟ್ಟುವುದು ಅನ್ಯಾಯ. ಲೆಕ್ಕ ಹಾಕಿ: ರಾತ್ರಿ ಪಾಳಿಗೆ ಒಬ್ಬರೇ, 40 ರೋಗಿಗಳು. ಒಬ್ಬರ ವೈಟಲ್ಸ್ ಸರಿಯಾಗಿ ನೋಡಿ ಬರೆಯಲು 5 ನಿಮಿಷವೆಂದರೂ 200 ನಿಮಿಷ, ಒಂದೇ ಸುತ್ತಿಗೆ. ಮಧ್ಯೆ ಡ್ರಿಪ್ ಖಾಲಿಯಾಗುತ್ತದೆ, ಹೊಸ ಅಡ್ಮಿಷನ್ ಬರುತ್ತದೆ, ಯಾರೋ ವಾಂತಿ ಮಾಡುತ್ತಾರೆ. ಆ 20 ಹುಟ್ಟುವುದು ಸೋಮಾರಿತನದಿಂದಲ್ಲ, ಹೆಚ್ಚಿನ ಸಲ ಈ ಲೆಕ್ಕದಿಂದ. ಸಿಬ್ಬಂದಿ ಕೊಡದೆ ಚಾರ್ಟು ಭರ್ತಿಯಾಗಿರಬೇಕು ಎನ್ನುವ ಆಡಳಿತ ಸುಳ್ಳು ಬರೆಯಲು ತಾನೇ ಕಲಿಸುತ್ತಿದೆ.

ಇನ್ನೊಂದು ಮಾತು, ವರ್ಗಾವಣೆಯದು. ನರ್ಸ್ ಹೊಸಬಳಿಂದ ಪರಿಣತಳಾಗುವ ಐದು ಹಂತಗಳನ್ನು ಅಮೆರಿಕದ ನರ್ಸಿಂಗ್ ಚಿಂತಕಿ ಪೆಟ್ರಿಶಿಯಾ ಬೆನ್ನರ್ 1984ರಲ್ಲಿ ವಿವರಿಸಿದರು. ಮೂರನೆಯ ಹಂತಕ್ಕೆ, ಅಂದರೆ ತಾನೇ ಯೋಜಿಸಿ ಕೆಲಸ ನಡೆಸುವಷ್ಟಕ್ಕೆ ಬರಲು, ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಬೇಕು ಎಂದರು. ನಾವು ಮೂರು ತಿಂಗಳಿಗೊಮ್ಮೆ ಮಕ್ಕಳ ವಾರ್ಡಿನಿಂದ ಮೂಳೆ ವಾರ್ಡಿಗೆ, ಅಲ್ಲಿಂದ ಡಯಾಲಿಸಿಸ್‌ಗೆ ಎಸೆಯುತ್ತೇವೆ. ‘ಯಾಕೋ ಈ ಪೇಶೆಂಟ್ ಸರಿ ಕಾಣ್ತಿಲ್ಲ’ ಎಂದು ಅಂಕಿಗಿಂತ ಮೊದಲೇ ತಿಳಿಯುವ ಕಣ್ಣು ಇಂಥ ಅಲೆದಾಟದಲ್ಲಿ ಬೆಳೆಯುವುದಿಲ್ಲ.

ನೋಂದಣಿ ನವೀಕರಣಕ್ಕೆ 5 ವರ್ಷದಲ್ಲಿ 150 ಗಂಟೆಗಳ ಮುಂದುವರಿದ ಕಲಿಕೆ ಬೇಕು. ಒಳ್ಳೆಯದೇ. ಆದರೆ ಆಡಿಟೋರಿಯಂನಲ್ಲಿ ಕೂತು ಸರ್ಟಿಫಿಕೇಟ್ ತಂದರೆ ಕೈ ಕಲಿಯುವುದಿಲ್ಲ. ಪಾಳಿ ಬದಲಾಗುವ ಹ್ಯಾಂಡೋವರ್ ಹೊತ್ತಿನ 10 ನಿಮಿಷ ಸಾಕು: ಒಬ್ಬ ರೋಗಿಯ ಉಸಿರನ್ನು ಇಬ್ಬರು ಬೇರೆಬೇರೆಯಾಗಿ ಎಣಿಸಿ ಹೋಲಿಸಲಿ. ಫೋನಿನಲ್ಲಿ ಹೇಳುವುದನ್ನೂ ಅಲ್ಲೇ ಅಭ್ಯಾಸ ಮಾಡಲಿ. ‘ಸರ್, ಪೇಶೆಂಟ್ ಸ್ವಲ್ಪ ಡಲ್ ಇದ್ದಾರೆ’ ಎಂದರೆ ನಿದ್ದೆಗಣ್ಣಿನ ಡಾಕ್ಟರು ‘ನೋಡ್ತಿರಿ’ ಎಂದು ಇಟ್ಟುಬಿಡುತ್ತಾರೆ. ಬದಲಿಗೆ ಹೀಗೆ ಹೇಳಿ: ‘ಸರ್, 12ನೇ ಬೆಡ್, ನಿನ್ನೆ ಅಪೆಂಡಿಕ್ಸ್ ಆಪರೇಷನ್ ಆದವರು. ಸಂಜೆ ಉಸಿರು 18 ಇತ್ತು, ಈಗ 26. ಪಲ್ಸ್ 118, ಬಿಪಿ 104/60, ಜ್ವರ 101, ಸ್ಯಾಚುರೇಶನ್ 95, ಪ್ರಜ್ಞೆ ಇದೆ. ಸ್ಕೋರ್ 8. ಸೋಂಕು ಹರಡಿದೆ ಅನ್ಸುತ್ತೆ, ತಾವು ಈಗಲೇ ಬಂದು ನೋಡಬೇಕು. ಬರೋವರೆಗೆ ಏನು ಶುರು ಮಾಡಲಿ?’ ನ್ಯೂಸ್ ಸ್ಕೋರ್ 7 ಅಥವಾ ಹೆಚ್ಚಿದ್ದರೆ ತುರ್ತು. ಮಾತಾಡಿದ ಸಮಯವನ್ನೂ ಉತ್ತರವನ್ನೂ ಕೇಸ್ ಶೀಟಿನಲ್ಲಿ ಬರೆದಿಡಿ.

ಆಸ್ಪತ್ರೆ ನಡೆಸುವವರಲ್ಲಿ ಸದ್ಯಕ್ಕೆ ಒಂದು ಸಣ್ಣ ಬೇಡಿಕೆ. ಕೈ ಶುಚಿಯ ನಿಯಮಕ್ಕಾಗಿ ಕೈಗಡಿಯಾರ ಬಿಚ್ಚಿಸುತ್ತೀರಿ, ಮೊಬೈಲ್ ತೆಗೆಯಬೇಡಿ ಎನ್ನುತ್ತೀರಿ. ಹಾಗಾದರೆ ಪ್ರತಿ ಹಾಸಿಗೆಯಿಂದಲೂ ಕಾಣುವ ಹಾಗೆ, ಸೆಕೆಂಡಿನ ಮುಳ್ಳಿರುವ ಗೋಡೆ ಗಡಿಯಾರ ಹಾಕಿಸಿ. ಬ್ಯಾಟರಿ ಬದಲಿಸುವ ಹೊಣೆ ಯಾರದೆಂದು ಆ ವಾರ್ಡಿನ ರಿಜಿಸ್ಟರಿನಲ್ಲೇ ಬರೆಸಿ.