ಚೇಟ್ಟನ ಷೇರು, ನಮ್ಮ ಸೋಗಾನೆ

ನಾನು ಸಾಗರದವನು. ಹದಿನಾಲ್ಕು ವರ್ಷದಿಂದ ಕೇರಳದ ಆಲುವಾದಲ್ಲಿದ್ದೇನೆ. ಪಕ್ಕದ ಮನೆಯ ಚೇಟ್ಟ (ಮಲಯಾಳದಲ್ಲಿ ಅಣ್ಣ) ಮೂವತ್ತು ವರ್ಷ ದುಬೈಯಲ್ಲಿ ದುಡಿದು ಬಂದವರು. ಕೊಚ್ಚಿ ವಿಮಾನ ನಿಲ್ದಾಣದ ಮಾತು ಬಂದರೆ ಸಾಕು, "ಅದರಲ್ಲಿ ನನ್ನದೂ ಒಂದು ಇಟ್ಟಿಗೆ ಇದೆ" ಎನ್ನುತ್ತಾರೆ. ತಮಾಷೆ ಅಂದುಕೊಂಡಿದ್ದೆ. ನೋಡಿದರೆ ಅವರ ಹತ್ತಿರ ನಿಜಕ್ಕೂ ಅದರ ಷೇರುಗಳಿವೆ.

ಮೊದಲೆಲ್ಲ ಕೊಚ್ಚಿಯಲ್ಲಿ ನೌಕಾಪಡೆಯ ನಿಲ್ದಾಣದಲ್ಲೇ ವಿಮಾನ ಇಳಿಯಬೇಕಿತ್ತು. ದೊಡ್ಡ ವಿಮಾನಕ್ಕೆ ಅಲ್ಲಿ ಜಾಗವಿರಲಿಲ್ಲ. ಹೊಸದು ಕಟ್ಟಲು ಸರ್ಕಾರದ ಬಳಿ ದುಡ್ಡಿರಲಿಲ್ಲ. ಹೊರದೇಶದಲ್ಲಿದ್ದ ಮಲಯಾಳಿಗಳಿಂದ ತಲಾ 5,000 ರೂಪಾಯಿ ಸೇರಿಸೋಣ ಅಂತ ಹೊರಟರು. ಆ ಲೆಕ್ಕ ಕೈಕೊಟ್ಟಿತು. 1994ರಲ್ಲಿ ಕಂಪನಿಯನ್ನೇ ಮಾಡಿ ಷೇರು ಕೊಟ್ಟರು, ಸಾಲ ಎತ್ತಿದರು. 1999ರಲ್ಲಿ ನೆಡುಂಬಾಶೇರಿಯಲ್ಲಿ ನಿಲ್ದಾಣ ಶುರುವಾಯಿತು. ಜಾಗ ಬಿಟ್ಟುಕೊಟ್ಟ ಮನೆಗಳವರಿಗೆ ಅಲ್ಲೇ ಕೆಲಸ, ಟ್ಯಾಕ್ಸಿ ಪರ್ಮಿಟ್ ಸಿಕ್ಕಿತು. 2015ರಿಂದ ಪೂರ್ತಿ ಬಿಸಿಲಿನ ಕರೆಂಟಿನಲ್ಲೇ ನಡೆಯುತ್ತಿದೆ. ಸೋಲಾರ್ ಹಲಗೆಗಳ ನಡುವೆ ತರಕಾರಿ ಬೇರೆ ಬೆಳೆಯುತ್ತಾರೆ!

ಕೇರಳದಲ್ಲಿ ಈಗ ನಾಲ್ಕು ಅಂತರರಾಷ್ಟ್ರೀಯ ವಿಮಾನ ನಿಲ್ದಾಣಗಳಿವೆ: ತಿರುವನಂತಪುರ, ಕೊಚ್ಚಿ, ಕೋಯಿಕ್ಕೋಡ್, ಕಣ್ಣೂರು. ಕೇರಳಕ್ಕಿಂತ ಸುಮಾರು ಐದು ಪಟ್ಟು ದೊಡ್ಡದಾದ ನಮ್ಮ ರಾಜ್ಯದಲ್ಲಿ ಎರಡೇ, ಬೆಂಗಳೂರು ಮತ್ತು ಮಂಗಳೂರು. ಊರಿನ ಗೆಳೆಯರು ಇದನ್ನು ಕೇಳಿ "ನಮಗೆ ಅನ್ಯಾಯ" ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿ ನಿಲ್ದಾಣ ಬರುವ ಮೊದಲೇ ಗಲ್ಫಿಗೆ ಹೋಗುವ ಜನ ಚೀಲ ಕಟ್ಟಿಕೊಂಡು ಕಾಯುತ್ತಿದ್ದರು. ನಮ್ಮಲ್ಲಿ ಆ ಥರ ಇರುವುದು ಮಂಗಳೂರಿನ ಬಜ್ಪೆ ನಿಲ್ದಾಣ ಒಂದೇ. ಕರಾವಳಿಯವರ ಜೊತೆ ಕಾಸರಗೋಡಿನವರೂ ಗಲ್ಫ್ ವಿಮಾನಕ್ಕೆ ಅಲ್ಲಿಗೇ ಬರುತ್ತಾರೆ.

ಉಳಿದ ಕಡೆ ನಾವು ರನ್‌ವೇ ಹಾಕಿ ಆಮೇಲೆ ಪ್ರಯಾಣಿಕರನ್ನು ಹುಡುಕುತ್ತೇವೆ. ಸಣ್ಣ ಊರಿನ ವಿಮಾನಕ್ಕೆ ಉಡಾನ್ ಯೋಜನೆಯಲ್ಲಿ ಮೂರು ವರ್ಷ ಸರ್ಕಾರ ನಷ್ಟ ತುಂಬಿಕೊಡುತ್ತದೆ. ಅದು ಮುಗಿದ ಮೇಲೆ ಕಂಪನಿ ಉಳಿಯಬೇಕಾದರೆ ಸೀಟು ತುಂಬಬೇಕು, ಅಲ್ವಾ? ಬೀದರಿನಲ್ಲಿ 2020ರಲ್ಲಿ ಶುರುವಾದ ವಿಮಾನ ನಡುವೆ ನಿಂತೇಹೋಗಿತ್ತು. ಮೈಸೂರಿನ ತೊಂದರೆ ಬೇರೆ. ಅಲ್ಲಿ ಜನ ಇದ್ದಾರೆ, ಆದರೆ ಮಂಡಕಳ್ಳಿಯ ರನ್‌ವೇ 1,740 ಮೀಟರ್ ಮಾತ್ರ. ಫ್ಯಾನಿನ ಎಟಿಆರ್ ವಿಮಾನವೇ ಗತಿ. ಉದ್ದ ಮಾಡೋಣವೆಂದರೆ ನಂಜನಗೂಡು ರಸ್ತೆ ಅಡ್ಡ.

ಇನ್ನು ನಮ್ಮ ಶಿವಮೊಗ್ಗ. ಸೋಗಾನೆಯ ರನ್‌ವೇ 3,200 ಮೀಟರ್. ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಎಲ್ಲಕ್ಕಿಂತ ಉದ್ದದ್ದು ಅದೇ. 2023ರ ಆಗಸ್ಟ್ 31ಕ್ಕೆ ಅಲ್ಲಿ ಇಳಿದ ಮೊದಲ ವಿಮಾನ ಮಾತ್ರ ಬೆಂಗಳೂರಿನಿಂದ ಬಂದ ಪುಟ್ಟ ಎಟಿಆರ್! ನನಗೆ ಹೆಮ್ಮೆ ಆಯಿತು, ಸುಳ್ಳು ಹೇಳುವುದಿಲ್ಲ. ಆದರೂ ಊರಿಗೆ ಹೋಗುವಾಗ ನಾನು ಬೆಂಗಳೂರಿನಲ್ಲಿ ಇಳಿದು ತಾಳಗುಪ್ಪದ ರಾತ್ರಿ ರೈಲನ್ನೇ ಹಿಡಿಯುತ್ತೇನೆ. ಮಲಗಿ ಎದ್ದರೆ ಸಾಗರ. ಸೋಗಾನೆಯಲ್ಲಿ ಇಳಿದರೆ ಮತ್ತೆ ಎಪ್ಪತ್ತು ಕಿಲೋಮೀಟರ್‌ಗೂ ಜಾಸ್ತಿ ರಸ್ತೆ. ಬೆಂಗಳೂರಿಗೆ ಹೋಗಿಬರಲು ರೈಲಿದೆ, ಬಸ್ಸಿದೆ. ಆ ಉದ್ದದ ರನ್‌ವೇ ನಿಜವಾಗಿ ಬೇಕಿರುವುದು ದೂರದ ಊರುಗಳಿಗೆ. ನಮ್ಮ ಅಡಿಕೆ ಹೋಗುವುದು ಉತ್ತರದ ಕಡೆಗೆ. ಮಂಡಿಯವರು, ಅಲ್ಲಿಂದ ಬರುವ ಖರೀದಿದಾರರು ಯಾವ ಊರಿಗೆ ಎಷ್ಟು ಸಲ ಓಡಾಡುತ್ತಾರೆ ಅಂತ ಕೇಳಿಕೊಂಡು ವಿಮಾನ ಕರೆಸಬೇಕಿತ್ತು.

ಕೇರಳದವರು ಎಲ್ಲ ಸರಿ ಮಾಡಿದ್ದಾರೆ ಅಂತಲ್ಲ. 2018ರಲ್ಲಿ ತೆರೆದ ಕಣ್ಣೂರು ನಿಲ್ದಾಣವನ್ನೇ ನೋಡಿ. ವಿರಾಜಪೇಟೆ ಕಡೆಯವರು ಮಾಕುಟ್ಟ ಘಟ್ಟ ಇಳಿದು ಅಲ್ಲಿಗೆ ಹೋಗುತ್ತಾರೆ, ನಮಗೂ ಅನುಕೂಲವೇ. ಆದರೆ ಹೊರದೇಶದ ಕಂಪನಿಗಳು ಇಳಿಯಲು ಬೇಕಾದ ಕೇಂದ್ರದ ಅನುಮತಿ ವರ್ಷಗಟ್ಟಲೆ ಸಿಗಲೇ ಇಲ್ಲ. ಗಲ್ಫಿನ ಜನ ಇದ್ದೂ ನಿಲ್ದಾಣ ಸಾಲದಲ್ಲಿ ಏಗುತ್ತಿದೆ.

ಇದನ್ನೆಲ್ಲ ಚೇಟ್ಟನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ಶಿವಮೊಗ್ಗದಲ್ಲಿ ಷೇರು ಕೊಡ್ತಾರಾ?" ಅಲ್ಲಿ ಷೇರಿನ ಮಾತೇ ಇಲ್ಲ, ಅದು ಪೂರ್ತಿ ಸರ್ಕಾರದ್ದು ಅಂದೆ. "ಹಾಗಾದರೆ ನೀನು ಯಾಕೆ ರೈಲಿನಲ್ಲಿ ಹೋಗ್ತೀಯ ಅಂತ ನಿನ್ನನ್ನು ಯಾರು ಕೇಳ್ತಾರೆ?" ಎಂದು ನಕ್ಕರು.